ಮುಖವಾಡ ಹಾಕಿಕೊಂಡು ಕೋಳಿ ಬೇಡಿದ ದಿನ

ಹ್ಯೂಸ್ಟನ್‌ನಿಂದ ಲೂಯಿಸಿಯಾನಾದ ಯೂನಿಸ್ ಊರಿಗೆ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆ. 2024ರ ಫೆಬ್ರವರಿ 13, ಮಾರ್ಡಿ ಗ್ರಾ ಮಂಗಳವಾರ. ಕ್ರೈಸ್ತರ ನಲವತ್ತು ದಿನದ ಉಪವಾಸ ಶುರುವಾಗುವ ಮುಂಚಿನ ದಿನದ ಹಬ್ಬ ಇದು. ಇಲ್ಲಿ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ, ಸಂಜೆಯ ಗಂಬೋ ಎಂಬ ಸಾರಿಗೆ ಕೋಳಿ, ಈರುಳ್ಳಿ ಬೇಡಿ ತರುತ್ತಾರೆ. ಹಿಂದಿನ ರಾತ್ರಿಯೇ ಹೋಗಿ ಆಫೀಸಿನ ಗೆಳೆಯನ ಮನೆಯಲ್ಲಿ ಉಳಿದುಕೊಂಡೆ. ಅವನು ಕೇಜನ್. 1755ರಿಂದ ಬ್ರಿಟಿಷರು ಕೆನಡಾ ಕಡೆಯ ಅಕೇಡಿಯಾದಿಂದ ಓಡಿಸಿದ ಫ್ರೆಂಚ್ ಮಾತಿನ ರೈತರ ವಂಶ.

‘ನಾನು ಸುಮ್ನೆ ನಿಂತು ನೋಡ್ತೀನಿ’ ಅಂದೆ. ಗೆಳೆಯ ಒಪ್ಪಲಿಲ್ಲ. ಈ ಊರಿನಲ್ಲಿ ಹೊರಗಿನವರೂ ಸೇರಬಹುದು, ಆದರೆ ವೇಷ ಹಾಕಲೇಬೇಕು.

ವೇಷ ನಾನೇ ಮಾಡಿಕೊಂಡಿದ್ದೆ. ಹಳೆಯ ಪೈಜಾಮ, ಶರ್ಟಿಗೆ ಬಣ್ಣದ ಬಟ್ಟೆಯ ಪಟ್ಟಿಗಳನ್ನು ಜೋಲಾಡುವ ಹಾಗೆ ಹೊಲಿದೆ. ತಲೆಗೆ ರಟ್ಟಿನ ಚೂಪು ಟೋಪಿ, ಅದಕ್ಕೆ ಕ್ಯಾಪುಶಾನ್ ಅನ್ನುತ್ತಾರೆ. ಹಿಂದೆ ಫ್ರಾನ್ಸಿನಲ್ಲಿ ದೊಡ್ಡ ಮನೆತನದವರ ಟೋಪಿಯನ್ನು ಗೇಲಿ ಮಾಡಲು ಬಡವರು ಹಾಕುತ್ತಿದ್ದದ್ದಂತೆ. ಮುಖವಾಡಕ್ಕೆ ಕಿಟಕಿಯ ಸೊಳ್ಳೆ ಜಾಲರಿಯನ್ನೇ ಕತ್ತರಿಸಿ, ಬಗ್ಗಿಸಿ, ಮೇಲೆ ಕಣ್ಣು ಮೀಸೆ ಬರೆದೆ. ಅಂಚಿಗೆ ಬಟ್ಟೆ ಹೊಲಿಯಲು ಸೋಮಾರಿತನ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಕೆನ್ನೆಯೆಲ್ಲ ಗೀರು. ನೀವು ಮಾಡಿದರೆ ಅಂಚು ಮೊದಲು ಹೊಲಿಯಿರಿ.

ಬೆಳಿಗ್ಗೆ ಹೊರಟೆವು. ಕೆಲವರು ಕುದುರೆ ಮೇಲೆ, ಉಳಿದವರು ಟ್ರೇಲರ್ ಗಾಡಿಗಳಲ್ಲಿ. ನನಗೆ ಕುದುರೆ ಬರುವುದಿಲ್ಲ, ಟ್ರೇಲರ್ ಹತ್ತಿದೆ. ಮುಖವಾಡ ಇಲ್ಲದವನು ಕ್ಯಾಪಿಟೇನ್, ಅಂದರೆ ಗುಂಪಿನ ನಾಯಕ, ಒಬ್ಬನೇ ಅಂದುಕೊಂಡಿದ್ದೆ. ಅವನ ಸಹಾಯಕರಿಗೂ ಇರಲಿಲ್ಲ. ಅವರು ಹೇಳಿದ್ದೇ ಆ ದಿನದ ಕಾನೂನು. ಒಂದು ತೋಟದ ಮನೆ ಬಂದಾಗ ನಮ್ಮನ್ನು ರಸ್ತೆಯಲ್ಲೇ ನಿಲ್ಲಿಸಿ, ಕ್ಯಾಪಿಟೇನ್ ಬಿಳಿ ಬಾವುಟ ಹಿಡಿದು ಒಬ್ಬನೇ ಒಳಗೆ ಹೋದ. ‘ಬರಬಹುದಾ?’ ಅಂತ ಯಜಮಾನರನ್ನು ಕೇಳಿದ. ಅವರು ಹೂಂ ಅಂದಮೇಲೆ ಬಾವುಟ ಬೀಸಿದ. ಅಲ್ಲಿವರೆಗೆ ಒಬ್ಬರೂ ಅಂಗಳಕ್ಕೆ ಕಾಲಿಡಲಿಲ್ಲ.

ಆಮೇಲೆ ನೋಡಬೇಕಿತ್ತು! ಹಾಡು, ಕುಣಿತ, ಮಂಡಿಯೂರಿ ಕೈ ಚಾಚುವುದು. ‘ಸ್ಯಾಂಕ್ ಸೂ, ಸ್ಯಾಂಕ್ ಸೂ’ ಅಂತ ಬೇಡುತ್ತಾರೆ. ಅಂದರೆ ಐದು ಕಾಸು. ನನಗೆ ಕೈ ಚಾಚಲು ಬಹಳ ನಾಚಿಕೆಯಾಯಿತು. ಆಗ ನೆನಪಾಗಿದ್ದು ನಮ್ಮೂರ ಹೋಳಿ. ‘ಕಾಮಣ್ಣನ ಮಕ್ಕಳು’ ಅಂತ ಕೂಗುತ್ತಾ ಸೌದೆ, ಬೆರಣಿ ಎತ್ತಿಕೊಂಡು ಓಡುತ್ತಿದ್ದವನು ನಾನೇ ಅಲ್ವಾ? ಅಲ್ಲಿ ಕೇಳದೇ ಕದಿಯುತ್ತಿದ್ದೆವು, ಇಲ್ಲಿ ಬೇಡಬೇಕು, ಅಷ್ಟೇ. ಒಬ್ಬ ಅಜ್ಜಿಯ ಮುಂದೆ ಮಂಡಿಯೂರಿದೆ. ಒಂದು ಈರುಳ್ಳಿ ಕೊಟ್ಟರು.

ಯಜಮಾನರು ಒಂದು ಜೀವಂತ ಕೋಳಿಯನ್ನು ಗಾಳಿಗೆ ಹಾರಿಸಿದರು. ಎಲ್ಲರೂ ಹಿಂದೆ ಬಿದ್ದರು. ಅದು ಚರಂಡಿ ದಾಟಿ ಕೆಸರು ಗದ್ದೆಗೆ ಇಳಿಯಿತು. ನಾನು ಬಿದ್ದು ಟೋಪಿ ಚಪ್ಪಟೆಯಾಯಿತು, ಕೋಳಿ ಹದಿನಾಲ್ಕು ವರ್ಷದ ಹುಡುಗನ ಕಂಕುಳಲ್ಲಿ. ಅದನ್ನು ಎತ್ತಿ ತೋರಿಸಿದಾಗ ಸಿಕ್ಕ ಶಿಳ್ಳೆ ಕೇಳಬೇಕಿತ್ತು. ಉಸಿರುಕಟ್ಟಿ ನಾನು ಮುಖವಾಡ ಮೇಲೆತ್ತಿದೆ. ‘ಮುಚ್ಚು!’ ಅಂತ ಸಹಾಯಕನೊಬ್ಬ ಗದರಿದ.

ನಾನು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ ಇದ್ದದ್ದು ಅವರ ಮಾರ್ಡಿ ಗ್ರಾ ಹಾಡು. ಇಷ್ಟು ಗದ್ದಲದ ಹಬ್ಬಕ್ಕೆ ರಾಗ ಮಾತ್ರ ಒಂಥರಾ ಬೇಸರದ್ದು. ಪಿಟೀಲು, ಅಕಾರ್ಡಿಯನ್ ಜೊತೆಗೆ ಫ್ರೆಂಚಿನಲ್ಲಿ ಎಳೆದೆಳೆದು ಹಾಡುತ್ತಾರೆ. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನೇ ಕಡ್ಡಾಯ ಮಾಡಿತ್ತು. ಮನೆಯ ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ನನ್ನ ಗೆಳೆಯನಿಗೆ ಫ್ರೆಂಚ್ ಬರುವುದಿಲ್ಲ. ಹಾಡು ಮಾತ್ರ ಪೂರ್ತಿ ಬಾಯಿಪಾಠ.

ಸಂಜೆ ಗಂಬೋ. ಮೈದಾ ಮತ್ತು ಎಣ್ಣೆಯನ್ನು ಕೈಬಿಡದೆ ತಿರುವಿ, ಹುರಿದ ಕಾಫಿಬೀಜದ ಬಣ್ಣ ಬರಿಸಿ, ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ, ಕೋಳಿ, ಸಾಸೇಜ್ ಹಾಕಿ ಕುದಿಸಿದ ಸಾರು. ಅನ್ನದ ಮೇಲೆ ಸುರಿದು ಕೊಟ್ಟರು. ಎರಡು ಸಲ ಹಾಕಿಸಿಕೊಂಡೆ. ಖಾರ ಇನ್ನೂ ಸ್ವಲ್ಪ ಜಾಸ್ತಿ ಇರಬೇಕಿತ್ತು, ಅದು ನನ್ನ ನಾಲಿಗೆಯ ತಕರಾರು.

ಮರುದಿನ ಬೆಳಿಗ್ಗೆ ಪೆಟ್ರೋಲ್ ಹಾಕಿಸಲು ನಿಂತಾಗ ಪಕ್ಕದವರ ಹಣೆಯಲ್ಲಿ ಬೂದಿಯ ಶಿಲುಬೆ. ನಲವತ್ತು ದಿನದ ಉಪವಾಸ ಶುರು. ಅವರು ನನ್ನ ಕೆನ್ನೆಯ ಗೀರು ನೋಡಿ ನಕ್ಕರು. ನಿನ್ನೆ ಅದೇ ಟ್ರೇಲರಿನಲ್ಲಿ ಇದ್ದರೋ ಏನೋ, ಮುಖವಾಡ ಇತ್ತಲ್ಲ.