ಕಾಟಾ ಚೀಟಿ ಬರದಿದ್ದರೆ 777 ಹಾಕಬೇಡಿ, ಮೊದಲು ಇದನ್ನು ನೋಡಿ

ಗಂಗಾವತಿಯಲ್ಲಿ ಭತ್ತದ ಸುಗ್ಗಿ ಅಂದರೆ ರೈಸ್ ಮಿಲ್ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು. ಕಾಟಾ ಚೀಟಿ, ಅಂದರೆ ತೂಕದ ಚೀಟಿ, ಕೈಗೆ ಬಾರದೆ ಗಾಡಿ ಮುಂದೆ ಹೋಗಲ್ಲ. ನಾನು ನೋಡಿಕೊಳ್ಳುವ ಒಂದು ಮಿಲ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ, ಅದಕ್ಕೆ ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಡಿಸೆಂಬರ್ 1ರ ರಾತ್ರಿ ಆಪರೇಟರ್ ಹುಡುಗ ಫೋನ್ ಮಾಡಿದ. "ಅಣ್ಣಾ, ಚೀಟಿ ಬರವಲ್ದು. ಹನ್ನೊಂದು ಗಾಡಿ ನಿಂತಾವ."

ನಾನು ಹೋಗುವಷ್ಟರಲ್ಲಿ ಯಾರೋ ಫೋನಿನಲ್ಲೇ ಅವನಿಗೆ ಎಲ್ಲರಿಗೂ ಎಲ್ಲ ಹಕ್ಕು ಕೊಡುವ ಚ್‌ಮಾಡ್ 777 ಹೇಳಿಕೊಟ್ಟಿದ್ದರು. ಚೀಟಿ ಫೋಲ್ಡರ್‌ಗೂ ಹಾಕಿದ್ದ, ಪ್ರಿಂಟ್ ಕೆಲಸ ನೋಡಿಕೊಳ್ಳುವ ಕಪ್ಸ್ ಪ್ರೋಗ್ರಾಂನ ಫೋಲ್ಡರ್‌ಗೂ ಹಾಕಿದ್ದ. ಒಂದು ರೋಗ ಇದ್ದದ್ದು ಎರಡಾಗಿತ್ತು.

ಕೇಬಲ್, ರಿಬ್ಬನ್, ಪೇಪರ್ ಮೊದಲು ನೋಡಿ. ಮಿಲ್‌ನಲ್ಲಿ ತೌಡಿನ ಧೂಳು ಎಲ್ಲಿ ಬೇಕಾದರೂ ಕೂರುತ್ತದೆ. ಅದು ಸರಿ ಇದ್ದರೆ ಟರ್ಮಿನಲ್ ತೆರೆಯಿರಿ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ, '-ಆರ್' ಮಾತ್ರ ದೊಡ್ಡಕ್ಷರ (-R).

ಎಲ್‌ಪಿಸ್ಟಾಟ್ -ಟಿ

ಪ್ರಿಂಟರ್ 'ಡಿಸೇಬಲ್ಡ್' ಅಂತ ತೋರಿಸಿದರೆ ಸುಡೊ ಕಪ್ಸ್‌ಎನೇಬಲ್ ಜೊತೆ ಪ್ರಿಂಟರ್ ಹೆಸರು ಕೊಡಿ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ನಮ್ಮಲ್ಲಿ ಮುಗಿಯಲಿಲ್ಲ. ಆಗ ಲಾಗ್ ಓದಬೇಕು:

ಸುಡೊ ಟೇಲ್ -ಎನ್ 50 /ವಾರ್/ಲಾಗ್/ಕಪ್ಸ್/ಎರರ್_ಲಾಗ್

ಅದರಲ್ಲಿ 'ಇನ್‌ಸೆಕ್ಯೂರ್ ಪರ್ಮಿಷನ್ಸ್' ಅಂತ ಸ್ಪಷ್ಟವಾಗಿತ್ತು. ಪ್ರಿಂಟರ್ ಜೊತೆ ಮಾತಾಡುವ ಬ್ಯಾಕೆಂಡ್ ಪ್ರೋಗ್ರಾಂಗಳಲ್ಲಿ ಕೆಲವನ್ನು ಕಪ್ಸ್ ರೂಟ್ (ಎಲ್ಲ ಹಕ್ಕೂ ಇರುವ ಯೂಸರ್) ಅಧಿಕಾರದಲ್ಲೇ ಓಡಿಸುತ್ತದೆ. ಅವನ್ನು ಯಾರು ಬೇಕಾದರೂ ತಿದ್ದುವ ಹಾಗಿದ್ದರೆ ಓಡಿಸಲು ಒಪ್ಪುವುದಿಲ್ಲ. ಅದು ಮಾಡಿದ್ದು ಸರಿಯೇ ಅಲ್ವಾ? ಬೇರೆಯವರ ಬರೆಯುವ ಹಕ್ಕು ತೆಗೆದೆ:

ಸುಡೊ ಚ್‌ಮಾಡ್ -ಆರ್ ಗೊ-ಡಬ್ಲ್ಯು /ಯುಎಸ್‌ಆರ್/ಲಿಬ್/ಕಪ್ಸ್

ಕರ್ ಅಂತ ಹೆಡ್ ಓಡಿತು, ಮೊದಲ ಚೀಟಿ ಹೊರಬಂತು. ಗಾಡಿಗಳು ಕದಲಿದವು.

ಆದರೆ ಮೂಲ ರೋಗ ಬೇರೆ. ತೂಕದ ಪ್ರೋಗ್ರಾಂ 'ತೂಕ' ಅನ್ನುವ ಯೂಸರ್ ಹೆಸರಲ್ಲಿ ತಿಂಗಳಿಗೊಂದು ಫೋಲ್ಡರ್ ಮಾಡಿ ಅದರಲ್ಲಿ ಚೀಟಿ ಬರೆಯುತ್ತದೆ. ಹುಡುಗ 'ಗೇಟ್' ಯೂಸರ್‌ನಿಂದ ಎಲ್‌ಪಿ ಕೊಟ್ಟು ಪ್ರಿಂಟ್ ಹಾಕುತ್ತಾನೆ. ಅವನಿಗೆ ಮೊದಲು ಬಂದದ್ದು 'ಪರ್ಮಿಷನ್ ಡಿನೈಡ್'. ಇಂಥ ಹೊತ್ತಲ್ಲಿ ನನಗೆ ತುಂಬಾ ಇಷ್ಟವಾದ ಕಮಾಂಡ್ ಒಂದಿದೆ:

ನೇಮ್‌ಐ -ಎಲ್ /ಎಸ್‌ಆರ್‌ವಿ/ಕಾಟಾ/12/ಚೀಟಿ

ಫೈಲ್‌ವರೆಗಿನ ಒಂದೊಂದು ಫೋಲ್ಡರ್‌ನ ಒಡೆಯ, ಗುಂಪು, ಹಕ್ಕು ಸಾಲಾಗಿ ಬರುತ್ತದೆ. ಎಲ್ಲಾ ಕಡೆ 777 ಆಗಿದ್ದರಿಂದ ಮೊದಲು ಏನಿತ್ತು ಅಂತ ಅದರಲ್ಲಿ ಕಾಣಲಿಲ್ಲ, ಹಿಂದಿನ ದಿನದ ಬ್ಯಾಕಪ್ ನೋಡಬೇಕಾಯಿತು. ನವೆಂಬರ್‌ನ 11 ಫೋಲ್ಡರ್ 750 ಇತ್ತು, ಅದನ್ನು ನಾನೇ ಕೈಯಿಂದ ತೆರೆದಿದ್ದೆ. ಪ್ರೋಗ್ರಾಂ ತಾನಾಗಿ ಮಾಡಿದ ಹಳೇ ಫೋಲ್ಡರ್‌ಗಳೆಲ್ಲ 700. ಒಡೆಯನಿಗೆ ಬಿಟ್ಟು ಯಾರಿಗೂ ಪ್ರವೇಶ ಇಲ್ಲ. 12 ಕೂಡ ಹಾಗೇ ಹುಟ್ಟಿತ್ತು. ಮೂರು ಅಂಕಿ ಕ್ರಮವಾಗಿ ಒಡೆಯ, ಗುಂಪು, ಉಳಿದವರದ್ದು; ಒಂದೊಂದರಲ್ಲೂ ಓದಲು 4, ಬರೆಯಲು 2, ಫೋಲ್ಡರ್ ಒಳಗೆ ಹೋಗಲು 1. ಆ 1 ಇಲ್ಲದಿದ್ದರೆ ಒಳಗಿನ ಫೈಲ್ ಎಷ್ಟೇ ತೆರೆದಿದ್ದರೂ ಉಪಯೋಗವಿಲ್ಲ.

ಪಕ್ಕಾ ರಿಪೇರಿ ಹೀಗೆ. 'ಕಾಟಾ' ಅಂತ ಗುಂಪು ಮಾಡಿ ಎರಡೂ ಯೂಸರ್‌ಗಳನ್ನು ಸೇರಿಸಿದೆ. ಚ್‌ಜಿಆರ್‌ಪಿ -ಆರ್ ಹಾಕಿ ಎಲ್ಲವನ್ನೂ ಆ ಗುಂಪಿಗೆ ಕೊಟ್ಟೆ. ಫೋಲ್ಡರ್‌ಗಳಿಗೆ 2750, ಫೈಲ್‌ಗಳಿಗೆ 640. ಒಂದೇ ನಂಬರ್ ಎರಡಕ್ಕೂ ಹಾಕಬೇಡಿ, ಫೈಂಡ್ ಬಳಸಿ ಬೇರೆ ಬೇರೆ ಮಾಡಿ. 2750ರ ಮೊದಲಿನ ಆ 2 ಇದ್ದರೆ ಒಳಗೆ ಹುಟ್ಟುವ ಹೊಸ ಫೋಲ್ಡರ್‌ಗೂ ಅದೇ ಗುಂಪು ಬರುತ್ತದೆ. ಆದರೆ ಹಕ್ಕು ಸರಿ ಬರಲು ಪ್ರೋಗ್ರಾಂನ ಸರ್ವಿಸ್ ಫೈಲ್‌ನಲ್ಲಿ ಯುಮಾಸ್ಕ್ 0027 (ಹೊಸದಕ್ಕೆ ಯಾವ ಹಕ್ಕು ಕೊಡಬಾರದು ಅನ್ನುವ ಸಾಲು, UMask=0027 ಅಂತಲೇ ಬರೆಯಿರಿ) ಹಾಕಿ, ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್ ಕೊಟ್ಟು ಸರ್ವಿಸ್ ಮತ್ತೆ ಶುರು ಮಾಡಬೇಕು. ಜಾಸ್ತಿ ಜನ ಮರೆಯುವುದು ಇದನ್ನೇ.

ಪರೀಕ್ಷೆಗೆ ಸುಡೊ -ಯು ಗೇಟ್ ಕ್ಯಾಟ್ ಕೊಟ್ಟು ಚೀಟಿ ಓದಿಸಿ ನೋಡಿ. ಓದಿದರೂ ಹುಡುಗನ ಪರದೆಯಲ್ಲಿ ಬರದಿದ್ದರೆ ಗಾಬರಿ ಬೇಡ. ಅವನು ಒಮ್ಮೆ ಲಾಗ್ಔಟ್ ಆಗಿ ಬಂದರೆ ಹೊಸ ಗುಂಪು ಸಿಗುತ್ತದೆ.

ಜನವರಿ 1ರ ಬೆಳಗ್ಗೆ ಹೋಗಿ 01 ಫೋಲ್ಡರ್‌ಗೆ ನೇಮ್‌ಐ ಹಾಕಿದೆ. ಕಾಟಾ ಗುಂಪು, 2750. ಹುಡುಗ ಆಗಲೇ ಐದನೇ ಚೀಟಿ ಹರಿದು ಡ್ರೈವರ್ ಕೈಗೆ ಕೊಡುತ್ತಿದ್ದ.