ಯುದ್ಧನೀತಿ ಕಲಿಸುವಾಗ ನಾನು ಕೇಳುವ ಪ್ರಶ್ನೆಗಳು

ಹಾಸನದ ಕಾಲೇಜೊಂದರಲ್ಲಿ ಬಿಎ ಮಕ್ಕಳಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತೇನೆ. ಯುದ್ಧನೀತಿಯ ವಿಷಯ ಎತ್ತಿದರೆ ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಇದೇ ಮಾತು: ‘ಯುದ್ಧ ಅಂದ್ಮೇಲೆ ನೀತಿ ಎಂಥದ್ದು ಸಾರ್?’ ಆಗ ಬೋರ್ಡ್ ತುಂಬ ಸಿದ್ಧಾಂತ ಬರೆದರೆ ಮಕ್ಕಳಿಗೆ ನೋಟ್ಸ್ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ನಾನು ಭರತ-ಬಾಹುಬಲಿಯಿಂದ ಶುರು ಮಾಡುತ್ತೇನೆ. ಶ್ರವಣಬೆಳಗೊಳದ ಬೆಟ್ಟ ಹತ್ತದ ಮಕ್ಕಳು ಇಲ್ಲಿ ಕಡಿಮೆ. ತಮ್ಮನಾದ ಬಾಹುಬಲಿ ತಲೆಬಾಗಲಿ ಅಂತ ಭರತ ದಂಡು ತಂದದ್ದು ಸರಿಯಾ? ಇದು ಒಂದು ಪ್ರಶ್ನೆ. ಮಂತ್ರಿಗಳ ಮಾತು ಕೇಳಿ, ಸೈನ್ಯವನ್ನು ಬದಿಗಿಟ್ಟು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಕ್ಕೆ ಒಪ್ಪಿದ. ಮೂರರಲ್ಲೂ ಸೋತ ಮೇಲೆ ತಮ್ಮನ ಮೇಲೆ ಚಕ್ರ ಬಿಟ್ಟ. ಅದು ಸರಿಯಾ? ಇದು ಬೇರೆಯೇ ಪ್ರಶ್ನೆ. ನ್ಯಾಯ ನಮ್ಮ ಕಡೆ ಇದ್ದರೂ ಕಾದಾಟದಲ್ಲಿ ಅನ್ಯಾಯ ಮಾಡಬಹುದು. ಇದಿಷ್ಟು ತಲೆಗೆ ಹೋದರೆ ಮುಕ್ಕಾಲು ಕೆಲಸ ಆದ ಹಾಗೆ.

ಆಮೇಲೆ 1949ರ ನಾಲ್ಕು ಜಿನೀವಾ ಒಪ್ಪಂದಗಳು, ಅಂದರೆ ಯುದ್ಧದಲ್ಲಿ ಗಾಯಾಳುಗಳು, ಕೈದಿಗಳು, ನಾಗರಿಕರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ನಿಯಮಗಳು. ಭಾರತ ಇವನ್ನು ಒಪ್ಪಿ, 1960ರಲ್ಲಿ ಕಾಯ್ದೆಯನ್ನೂ ಮಾಡಿದೆ. ಅವಕ್ಕೆ 1977ರಲ್ಲಿ ಜೋಡಿಸಿದ ಹೆಚ್ಚುವರಿ ಪ್ರೋಟೋಕಾಲ್‌ಗಳಿಗೆ ಮಾತ್ರ ಸೇರಿಲ್ಲ. ಇದನ್ನು ಬೇಗ ಮುಗಿಸುತ್ತೇನೆ, ಪುಸ್ತಕದಲ್ಲಿ ಇದೆಯಲ್ಲ.

ನನ್ನ ಸಂಶೋಧನೆ ನಿವೃತ್ತ ಸೈನಿಕರ ನೆನಪುಗಳ ಮೇಲೆ. ಅರಕಲಗೂಡು, ಸಕಲೇಶಪುರದ ಕಡೆ, ಕೊಡಗಿನ ಗಡಿಯ ಹಳ್ಳಿಗಳಲ್ಲಿ ಜಾಸ್ತಿ ಓಡಾಡಿದ್ದೇನೆ. ರೆಕಾರ್ಡರ್ ತೆಗೆದರೆ ಹಿರಿಯರ ಮಾತು ಭಾಷಣ ಆಗಿಬಿಡುತ್ತದೆ. ನೋಟ್‌ಬುಕ್ ಸಾಕು, ಅದೂ ಕಾಫಿ ಆದಮೇಲೆ. ‘ಯುದ್ಧದಲ್ಲಿ ಏನು ಮಾಡಿದಿರಿ?’ ಅಂದರೆ ಪರಾಕ್ರಮದ ಕಥೆ ಬರುತ್ತದೆ. ‘ಏನು ಮಾಡಬಾರದು ಅಂತ ಮೇಲಿನವರು ಹೇಳ್ತಿದ್ರು?’ ಅಂತ ಕೇಳಿ, ಆಗ ನೋಡಿ. 1971ರಲ್ಲಿ ಪಾಕಿಸ್ತಾನದ ಸುಮಾರು 93,000 ಮಂದಿ ಸೆರೆಯಾದರಲ್ಲ, ಅವರನ್ನಿಟ್ಟಿದ್ದ ಒಂದು ಶಿಬಿರದಲ್ಲಿ ಕಾವಲಿದ್ದ ಹವಾಲ್ದಾರರೊಬ್ಬರು ಹೀಗೆಂದರು: ‘ಜನ ಜಾತ್ರೆಗೆ ಬಂದಂಗೆ ತಂತಿಬೇಲಿ ಹತ್ರ ಬರೋರು ಮೇಷ್ಟ್ರೇ. ಅವ್ರನ್ನ ಹಿಂದಕ್ಕೆ ಕಳ್ಸೋದೇ ನಮ್ಗೆ ದೊಡ್ಡ ಕೆಲ್ಸ.’ ಅವರು ಕಾನೂನು ಓದಿದವರಲ್ಲ. ಆದರೆ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುವುದೂ ಅದನ್ನೇ. ಯುದ್ಧಕೈದಿಯನ್ನು ಹಿಂಸೆ, ಅವಮಾನಗಳಿಂದ ಮಾತ್ರ ಅಲ್ಲ, ಜನರ ಕುತೂಹಲದಿಂದಲೂ ಕಾಪಾಡಬೇಕು.

ತರಗತಿಯಲ್ಲಿ ಇದನ್ನು ಹೇಳಿ, 2019ರ ಅಭಿನಂದನ್ ವರ್ಧಮಾನ್ ವಿಡಿಯೊ ನೆನಪಿಸುತ್ತೇನೆ. ಸೆರೆ ಸಿಕ್ಕ, ಗಾಯಗೊಂಡ ನಮ್ಮ ಪೈಲಟ್‌ನನ್ನು ಪಾಕಿಸ್ತಾನ ವಿಡಿಯೊದಲ್ಲಿ ಹಾಗೆ ತೋರಿಸಿದ್ದಕ್ಕೆ ಭಾರತ ಜಿನೀವಾ ಒಪ್ಪಂದದ ಹೆಸರೆತ್ತಿಯೇ ಆಕ್ಷೇಪಿಸಿತ್ತು. ಮಕ್ಕಳೆಲ್ಲ ತಲೆಯಾಡಿಸುತ್ತಾರೆ. ‘ನಿಮ್ಮ ಮನೆ ಫೋನಿಗೂ ಬಂದಿತ್ತಲ್ವಾ? ಫಾರ್ವರ್ಡ್ ಮಾಡಿದ್ದು ಯಾರು?’ ಎಂದಾಗ ಗುಸುಗುಸು. ‘ಆ ಕಾನೂನು ಸೆರೆ ಹಿಡಿದ ದೇಶಕ್ಕೆ ಸಾರ್, ನಮಗಲ್ಲ’ ಎಂದು ಒಬ್ಬಳು ವಾದಿಸಿದಳು. ಕಾನೂನಿನ ಮಟ್ಟಿಗೆ ಅವಳು ಹೇಳಿದ್ದು ಸರಿ. ಹಾಗಾದರೆ ನೀತಿ? ಗಂಟೆ ಹೊಡೆದರೂ ಚರ್ಚೆ ನಿಲ್ಲಲಿಲ್ಲ.

ಈಗ ಇಂಟರ್ನಲ್ಸ್‌ಗೆ, ಇಂಥ ವಿಡಿಯೊ ಹಂಚುವುದು ಸರಿಯಾ ಅನ್ನುವ ಅದೇ ಪ್ರಶ್ನೆ ಎರಡು ಸಲ ಕೊಡುತ್ತೇನೆ. ಒಂದರಲ್ಲಿ ಸೆರೆ ಸಿಕ್ಕವನು ನಮ್ಮವನು, ಇನ್ನೊಂದರಲ್ಲಿ ಎದುರಾಳಿ. ಯಾವ ನಿಲುವಾದರೂ ಸರಿ, ಎರಡಕ್ಕೂ ಒಂದೇ ಅಳತೆ ಹಿಡಿದವರಿಗೆ ಪೂರ್ತಿ ಮಾರ್ಕ್ಸ್.