ಟ್ರಫಾಲ್ಗರ್ ಕದನವನ್ನು ಕಾಫಿ ಮಗ್‌ಗೆ ಇಳಿಸುವುದು: ನನ್ನ ಅನುಭವ

ಸಮುದ್ರ ಕದನದ ಹಳೆಯ ಚಿತ್ರಗಳನ್ನು ಮಗ್ ಮೇಲೆ ಮುದ್ರಿಸುವಾಗ ತೊಂದರೆ ಶುರುವಾಗುವುದು ಬಿಸಿ ಮತ್ತು ಒತ್ತಡದಿಂದ ಬಣ್ಣ ಹತ್ತಿಸುವ ಹೀಟ್ ಪ್ರೆಸ್‌ನಲ್ಲಲ್ಲ, ಅಳತೆಯಲ್ಲಿ. ಬ್ರಿಟಿಷರು ಫ್ರೆಂಚ್-ಸ್ಪ್ಯಾನಿಷ್ ನೌಕಾಪಡೆಯನ್ನು ಸೋಲಿಸಿದ ಕದನವನ್ನು ಇಂಗ್ಲಿಷ್ ಚಿತ್ರಕಾರ ಟರ್ನರ್ 1822ರಿಂದ 1824ರ ನಡುವೆ ನಾಲ್ಕನೇ ಜಾರ್ಜ್ ದೊರೆಗಾಗಿ ಬಿಡಿಸಿದ ‘ಟ್ರಫಾಲ್ಗರ್ ಕದನ’ ಈಗ ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿದೆ. ಅದರ ಎತ್ತರ 261.5 ಸೆಂ.ಮೀ., ಅಗಲ 368.5 ಸೆಂ.ಮೀ. ಮಾಮೂಲಿ 11 ಔನ್ಸ್ ಮಗ್‌ನ ಎತ್ತರ 95 ಮಿ.ಮೀ., ವ್ಯಾಸ 82 ಮಿ.ಮೀ. ಸುತ್ತಳತೆ 257 ಮಿ.ಮೀ. ಇದ್ದರೂ ಹಿಡಿಕೆಯ ಎರಡೂ ಬದಿ ಬಿಟ್ಟರೆ ಮುದ್ರಣಕ್ಕೆ ಸಿಗುವುದು ಹೆಚ್ಚೆಂದರೆ 205 ಮಿ.ಮೀ.

ಬಹಳ ಮಂದಿ ಇಡೀ 205 ಮಿ.ಮೀ. ತುಂಬಿಸಲು ಹೋಗುತ್ತಾರೆ. ಹಾಗೆ ಮಾಡಿದರೆ ಚಿತ್ರದ ಎತ್ತರದಲ್ಲಿ ಸುಮಾರು 40 ಪ್ರತಿಶತ ಕತ್ತರಿಗೆ ಹೋಗುತ್ತದೆ. ಮೇಲೆ ಕತ್ತರಿಸಿದರೆ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್‌ನ ವಿಕ್ಟರಿ ಹಡಗಿನ ಪಟಸ್ತಂಭಗಳು ಮೊಂಡಾಗುತ್ತವೆ. ಕೆಳಗೆ ಕತ್ತರಿಸಿದರೆ ನೀರಿನಲ್ಲಿ ಒದ್ದಾಡುವ ನಾವಿಕರೇ ಮಾಯ. ಅಡ್ಡಕ್ಕೆ ಎಳೆದು ಹಿಗ್ಗಿಸುವವರ ವಿಷಯ ಬಿಡಿ, ಅದು ಹಡಗಲ್ಲ, ತೆಪ್ಪ ಆಗುತ್ತದೆ.

ನಾನು ಇಡೀ ಚಿತ್ರವನ್ನು 120 × 85 ಮಿ.ಮೀ.ಗೆ ಇಳಿಸಿ ಪುಟದ ಬಲ ತುದಿಗೆ ಇಡುತ್ತೇನೆ. ಬಲಗೈಯಲ್ಲಿ ಮಗ್ ಹಿಡಿದವರ ಕಣ್ಣಿಗೆ ಬೀಳುವುದು ವಿನ್ಯಾಸದ ಬಲ ಅರ್ಧ. ಎಡ ಅರ್ಧ ಎದುರಿಗೆ ಕೂತವರಿಗೆ. ಮಧ್ಯೆ 10 ಮಿ.ಮೀ. ಬಿಳಿ ಜಾಗ ಬಿಟ್ಟು, ಎಡಕ್ಕೆ ಅದೇ ಚಿತ್ರದ ಮುಂಭಾಗದ ಒಂದು ತುಣುಕನ್ನು 75 × 85 ಮಿ.ಮೀ. ಅಳತೆಯಲ್ಲಿ ಹಾಕುತ್ತೇನೆ. ತುಣುಕು ಏಕೆಂದರೆ, ಇಡೀ ಚಿತ್ರ 31 ಪಟ್ಟು ಕುಗ್ಗಿದಾಗ ಬಹಳಷ್ಟು ಸಂಗತಿ ಕಳೆದುಹೋಗುತ್ತದೆ. ನೆಲ್ಸನ್‌ನ ಸಂಕೇತ ಬಾವುಟಗಳು ಬಣ್ಣದ ಚುಕ್ಕೆಗಳಾಗುತ್ತವೆ, ಹಿಂದೆ ಉರಿಯುವ ಫ್ರೆಂಚರ ಅಶೀಲ್ ಹಡಗು ಬರೀ ಕಿತ್ತಳೆ ಕಲೆ. ಮೂಲದಲ್ಲಿ ಸುಮಾರು 92 ಸೆಂ.ಮೀ. ಅಗಲದ ಭಾಗವನ್ನು ಆರಿಸಿದರೆ ತುಣುಕು 12 ಪಟ್ಟಷ್ಟೇ ಕುಗ್ಗುತ್ತದೆ, ಮನುಷ್ಯರು ಮನುಷ್ಯರಾಗಿಯೇ ಕಾಣುತ್ತಾರೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ತುಣುಕಿಗೆ 886 ಪಿಕ್ಸೆಲ್ ಅಗಲ ಬೇಕು. ಅದು ಇಡೀ ಚಿತ್ರದ ಕಾಲು ಭಾಗವಾದ್ದರಿಂದ ಮೂಲ ಫೈಲ್ ಕನಿಷ್ಠ 3600 ಪಿಕ್ಸೆಲ್ ಅಗಲವಿರಲಿ.

(ಬೆಳಗಿನ ಸಂಕೇತ, ಸಂಜೆಯ ಬೆಂಕಿ, ಮರುದಿನ ಮುಳುಗಿದ ಫ್ರೆಂಚ್ ಹಡಗು ರೆಡೌಟಬಲ್ ಎಲ್ಲವನ್ನೂ ಟರ್ನರ್ ಒಂದೇ ಕ್ಷಣಕ್ಕೆ ತುರುಕಿದ್ದಕ್ಕೆ ನೌಕಾಪಡೆಯವರು ಆಗಲೇ ಗೊಣಗಿದ್ದರು. ಮಗ್ ಮೇಲೆ ತಾರೀಖು ಹಾಕುವುದಾದರೆ ಕದನದ ದಿನವಾದ 21 ಅಕ್ಟೋಬರ್ 1805 ಸಾಕು, ಗಂಟೆ ಬರೆಯಬೇಡಿ.)

ಬಣ್ಣದ ವಿಷಯಕ್ಕೆ ಬಂದರೆ, ಬಿಸಿಗೆ ಆವಿಯಾಗಿ ಮಗ್‌ನ ಲೇಪನದೊಳಗೆ ಇಳಿಯುವ ಸಬ್ಲಿಮೇಶನ್ ಇಂಕ್‌ನಲ್ಲಿ ಬಿಳಿ ಇಲ್ಲ. ಹಾಯಿಗಳ ಬಿಳುಪು ಎಂದರೆ ಮಗ್‌ನ ಬಿಳುಪೇ. ಆದ್ದರಿಂದ ಹಾಯಿಯ ತಿಳಿ ಕೆನೆಬಣ್ಣವನ್ನು ಪೂರ್ತಿ ಬಿಳಿಗೆ ಏರಿಸಬಾರದು, ಏರಿಸಿದರೆ ಅಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಹಡಗಿನ ಒಡಲಿನ ಕಂದು-ಕಪ್ಪು ನೆರಳುಗಳಿಗೆ ಬೇಕಾದದ್ದು ಇದರ ಉಲ್ಟಾ: ಗಾಮಾವನ್ನು (ನಡುಬಣ್ಣಗಳ ಬೆಳಕಿನ ಮಟ್ಟ) 1.15ರಷ್ಟು ಏರಿಸಿ ನೆರಳು ತೆರೆಯಬೇಕು, ಇಲ್ಲದಿದ್ದರೆ ಎಲ್ಲ ಒಂದೇ ಮುದ್ದೆ. ಇಂಕ್ ಕೊಟ್ಟವರ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲ್) ಬಳಸಿ. ಕಾಗದದ ಮೇಲೆ ಬಣ್ಣ ಮಂಕಾಗಿ ಕಂಡರೆ ಗಾಬರಿಯಿಂದ ಸ್ಯಾಚುರೇಶನ್ ಏರಿಸಬೇಡಿ. ನಿಜವಾದ ಬಣ್ಣ ಬರುವುದು ಬಿಸಿ ತಾಗಿದ ಮೇಲೆ.

100 ಜಿಎಸ್‌ಎಂ (ಚದರ ಮೀಟರ್‌ಗೆ 100 ಗ್ರಾಂ) ಸಬ್ಲಿಮೇಶನ್ ಕಾಗದದಲ್ಲಿ ಕನ್ನಡಿ ಬಿಂಬವಾಗಿ ಮುದ್ರಿಸಿ. ಇದನ್ನು ಮರೆತರೆ ಹಡಗು ಎದುರು ದಿಕ್ಕಿಗೆ ತಿರುಗುತ್ತದೆ, ತಾರೀಖು ಓದಲಾಗದು. ಮಗ್ ಪಾಲಿಮರ್ ಲೇಪನದ್ದೇ ಆಗಿರಬೇಕು. ಅಂಗಡಿಯ ಸಾದಾ ಪಿಂಗಾಣಿಗೆ ಈ ಬಣ್ಣ ಹತ್ತುವುದಿಲ್ಲ. ಮಗ್‌ನ ಬದಿಗೆ ಸ್ಟೀಲ್ ಸ್ಕೇಲ್ ನೆಟ್ಟಗೆ ಹಿಡಿದು ನೋಡಿ: ನಡುವೆ ಬೆಳಕು ನುಸುಳಿದರೆ ಆ ಮಗ್ ಡೊಂಕು, ಅಲ್ಲಿ ಒತ್ತಡ ಕೂರುವುದಿಲ್ಲ. ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕಾಗದವನ್ನು ಬಿಗಿಯಾಗಿ ಸುತ್ತಿ, ಹೀಟ್ ಟೇಪ್‌ನಿಂದ ಅಂಟಿಸಿ. ಕಾಗದದ ಕೆಳ ಅಂಚು ಬುಡಕ್ಕೆ ಸಮಾಂತರವಾಗಿದೆಯೇ ಎಂದು ಮಗ್ ತಿರುಗಿಸುತ್ತಾ ನೋಡಬೇಕು. ಪಟಸ್ತಂಭಗಳು ಮೂಲದಲ್ಲೇ ವಾಲಿವೆ, ಅವು ದಾರಿ ತೋರಿಸವು, ಒಂದು ಮಿ.ಮೀ. ಓರೆಯಾದರೂ ಹೇಳಿಬಿಡುವುದು ಚೌಕಟ್ಟಿನ ಅಂಚು.

ನನ್ನ ಪ್ರೆಸ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್, 180 ಸೆಕೆಂಡ್, ಮಧ್ಯಮ ಒತ್ತಡ. ತಣ್ಣನೆಯ ಮಗ್ ಇಟ್ಟ ಕೂಡಲೇ ತಾಪ ಕುಸಿಯುತ್ತದೆ, ಅದು ಮತ್ತೆ 180ಕ್ಕೆ ಏರಿದ ಮೇಲೆಯೇ ಸಮಯ ಎಣಿಸಬೇಕು. ನಿಮ್ಮ ಪ್ರೆಸ್‌ನ ಮೀಟರ್ ಬೇರೆ ಹೇಳಬಹುದು, ಆದ್ದರಿಂದ ಮೊದಲು ಒಂದು ಹಾಳು ಮಗ್ ಮೇಲೆ ಬಣ್ಣದ ಪಟ್ಟಿ ಹಾಕಿ ನೋಡಿ. ಕಪ್ಪು ಕಂದಾಗಿ ಅಂಚು ಹರಡಿದ್ದರೆ ಬಿಸಿ ಹೆಚ್ಚಾಯಿತು. ಬಣ್ಣ ಬಿಳಚಿಕೊಂಡು ಮರಳಿನಂತೆ ಚುಕ್ಕಿಚುಕ್ಕಿಯಾಗಿದ್ದರೆ ಬಿಸಿ ಸಾಲಲಿಲ್ಲ. ಬುಡ, ಬಾಯಿ ಅಥವಾ ಹಿಡಿಕೆಯ ಪಕ್ಕ ಮಾತ್ರ ಮಾಸಲಾದರೆ ಹೀಟಿಂಗ್ ಪ್ಯಾಡ್ ಅಲ್ಲಿಗೆ ತಲುಪಿಲ್ಲ. ಸಮಯ ಹೆಚ್ಚಿಸಿದರೆ ಮಧ್ಯಭಾಗ ಸುಡುತ್ತದೆ, ಚಿತ್ರವನ್ನೇ ಅಂಚಿನಿಂದ ಒಳಕ್ಕೆ ತನ್ನಿ. ಮೇಲೆ ಕೆಳಗೆ 5 ಮಿ.ಮೀ. ಬಿಟ್ಟದ್ದು ಇದಕ್ಕೇ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕಾಗದ ತೇವ ಹೀರುತ್ತದೆ. ಪ್ರೆಸ್‌ನಲ್ಲಿ ಅದು ಆವಿಯಾಗಿ ಆಕಾಶದ ಭಾಗದಲ್ಲಿ ಮೋಡದಂಥ ಕಲೆ ಬಿಡುತ್ತದೆ. ಟರ್ನರ್ ಚಿತ್ರದಲ್ಲಿ ಅದು ಹೊಗೆಯೆಂದು ದಾಟಿಹೋಗಬಹುದು, ಬಿಳಿ ಜಾಗದಲ್ಲಿ ದಾಟುವುದಿಲ್ಲ. ಕಾಗದವನ್ನು ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಸಮಯ ಮುಗಿದ ಕೂಡಲೇ ಕೈಗವಸು ಹಾಕಿ, ಕಾಗದವನ್ನು ಒಂದೇ ಎಳೆತಕ್ಕೆ ಬಿಚ್ಚಿ. ಬಿಸಿ ಮಗ್ ಮೇಲೆ ಕಾಗದ ಜಾರಿದರೆ ಪ್ರತಿ ಪಟಸ್ತಂಭಕ್ಕೂ ನೆರಳಿನಂಥ ಜೋಡಿ ಹುಟ್ಟುತ್ತದೆ. ಆಮೇಲೆ ಮಗ್ ತಂತಿಯ ಸ್ಟ್ಯಾಂಡ್ ಮೇಲೆ ತಾನೇ ಆರಲಿ, ತಣ್ಣೀರಿಗೆ ಹಾಕಿದರೆ ಬಿರುಕು ಬಿಡಬಹುದು.

ಟರ್ನರ್ ತೀರಿದ್ದು 1851ರಲ್ಲಿ, ಚಿತ್ರದ ಮೇಲೆ ಹಕ್ಕುಸ್ವಾಮ್ಯ ಉಳಿದಿಲ್ಲ. ಆದರೆ ಫೋಟೊ ಕೊಟ್ಟ ಸಂಸ್ಥೆಗೆ ಅದರದೇ ಷರತ್ತುಗಳಿರಬಹುದು; ಮಾರುವುದಾದರೆ ಮೊದಲು ಅವನ್ನು ಓದಿ. ಕೊಳ್ಳುವವರು ದಿನವೂ ಡಿಶ್‌ವಾಶರ್‌ಗೆ ಹಾಕುವವರಾದರೆ ಸಬ್ಲಿಮೇಶನ್ ಬೇಡ, ಕುಲುಮೆಯಲ್ಲಿ ಸುಮಾರು 800 ಡಿಗ್ರಿಯಲ್ಲಿ ಸುಡುವ ಸೆರಾಮಿಕ್ ಡೆಕಾಲ್‌ಗೇ (ಮಗ್‌ಗೆ ಅಂಟಿಸುವ ಚಿತ್ರದ ಹಾಳೆ) ಹೋಗಿ; ಖರ್ಚು ಜಾಸ್ತಿ, ಆದರೆ ಬಣ್ಣ ಗ್ಲೇಜ್‌ಗೇ, ಅಂದರೆ ಪಿಂಗಾಣಿಯ ಗಾಜಿನಂಥ ಹೊರಪದರಕ್ಕೇ, ಬೆಸೆದುಕೊಳ್ಳುತ್ತದೆ.